ಒಂದು ರೋಗನಾಮದ ಭಾರ: ಜಪಾನ್ ‘ಸೇಶಿನ್ ಬುನ್ರೆತ್ಸು ಬ್ಯೋ’ ಎಂಬ ಹೆಸರನ್ನು ಕೈಬಿಟ್ಟ ಪ್ರಕರಣ

2002ರ ಆಗಸ್ಟ್ ತಿಂಗಳಲ್ಲಿ, ವಿಶ್ವ ಮನೋವೈದ್ಯಕೀಯ ಸಂಘದ ಮಹಾಧಿವೇಶನ ಯೊಕೊಹಾಮಾದಲ್ಲಿ ನಡೆದ ಸಮಯದಲ್ಲೇ, ಜಪಾನಿನ ಮನೋವೈದ್ಯ ಮತ್ತು ನರವೈದ್ಯ ಸಂಘವು ಒಂದು ಕಾಯಿಲೆಯ ಹೆಸರನ್ನು ಅಧಿಕೃತವಾಗಿ ಬದಲಾಯಿಸಿತು. ಜಗತ್ತಿನ ಬಹುಭಾಗ ಸ್ಕಿಜೋಫ್ರೇನಿಯಾ ಎಂದು ಕರೆಯುವ, ಭ್ರಮೆಗಳು ಕಾಡುವ ಆ ಮಾನಸಿಕ ಕಾಯಿಲೆಗೆ ಜಪಾನೀ ಭಾಷೆಯಲ್ಲಿ 1937ರಿಂದ ‘ಸೇಶಿನ್ ಬುನ್ರೆತ್ಸು ಬ್ಯೋ’ ಎಂಬ ಹೆಸರಿತ್ತು. ಅದನ್ನು ತೆಗೆದು ‘ತೋಗೋ ಶಿಚ್ಚೋ ಶೋ’ ಎಂಬ ಹೆಸರನ್ನು ಇಡಲಾಯಿತು. ಕಾಯಿಲೆಯ ಲಕ್ಷಣಗಳಲ್ಲಿ ಯಾವ ವ್ಯತ್ಯಾಸವೂ ಆಗಿರಲಿಲ್ಲ; ಆಸ್ಪತ್ರೆಗಳೂ ವೈದ್ಯರೂ ಅವರೇ, ರೋಗಿಗಳೂ ಅವರೇ. ಆದರೆ ತಮಗೆ ಬಂದಿರುವ ಕಾಯಿಲೆ ಯಾವುದೆಂದು ವೈದ್ಯರಿಂದ ತಿಳಿದುಕೊಂಡ ರೋಗಿಗಳ ಪ್ರಮಾಣ ಮೂರು ವರ್ಷಗಳಲ್ಲಿ ಶೇ 36.7ರಿಂದ ಶೇ 69.7ಕ್ಕೆ ಏರಿತು.

ಈ ಎರಡು ಸಂಖ್ಯೆಗಳ ನಡುವಿನ ಅಂತರವೇ ಈ ಅಧ್ಯಯನದ ವಿಷಯ. ಪದಕ್ಕೆ ವಾಚ್ಯಾರ್ಥದ ಜೊತೆಗೆ ಧ್ವನಿಯೂ, ಅಂದರೆ ಹೇಳದೆಯೇ ಸೂಚಿತವಾಗುವ ಅರ್ಥವೂ, ಇರುತ್ತದೆ, ಆ ಧ್ವನಿ ಕೇಳುವವನ ಗ್ರಹಿಕೆಯನ್ನು ತಿದ್ದುತ್ತದೆ ಎಂಬುದು ನಮ್ಮ ಕಾವ್ಯಮೀಮಾಂಸೆ ಓದಿದವರಿಗೆ ಹೊಸದಲ್ಲ. ಆದರೆ ಧ್ವನಿಯ ಕುರಿತ ಚರ್ಚೆಗಳೆಲ್ಲ ಸಾಮಾನ್ಯವಾಗಿ ಮಾತು ಆಡಿದ ಮೇಲೆ ಏನಾಗುತ್ತದೆ ಎಂಬುದರ ಸುತ್ತಲೇ ಇರುತ್ತವೆ. ಈ ಪ್ರಕರಣದಲ್ಲಿ ಧ್ವನಿಯ ಪರಿಣಾಮ ಅದಕ್ಕೂ ಒಂದು ಹೆಜ್ಜೆ ಮೊದಲೇ ಕಾಣಿಸಿಕೊಂಡಿತು. ಆ ಪದವನ್ನು ಉಚ್ಚರಿಸಬೇಕಾದ ವೈದ್ಯನೇ ಅದರ ಧ್ವನಿಗೆ ಹಿಂಜರಿದು ಮಾತನ್ನು ನುಂಗಿಕೊಳ್ಳುತ್ತಿದ್ದನು. ಹೀಗಾಗಿ ರೋಗಿಗೆ ತಪ್ಪು ತಿಳಿವಳಿಕೆ ಹುಟ್ಟುವುದಕ್ಕಿಂತ ಹೆಚ್ಚಾಗಿ ತಿಳಿವಳಿಕೆಯೇ ಹುಟ್ಟದೆ ಹೋಗುತ್ತಿತ್ತು. ಈ ಪ್ರಕರಣದ ನಿಜವಾದ ಮಹತ್ವ ಇಲ್ಲಿದೆ ಎಂದು ನಾನು ಭಾವಿಸುತ್ತೇನೆ.

ಹೆಸರಿನ ಹುಟ್ಟು

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಜರ್ಮನಿಯ ಎಮಿಲ್ ಕ್ರೆಪೆಲಿನ್ ಈ ಕಾಯಿಲೆಯನ್ನು ‘ಡಿಮೆನ್ಷಿಯಾ ಪ್ರೀಕಾಕ್ಸ್’ ಎಂಬ ಹೆಸರಿನಲ್ಲಿ ಪ್ರತ್ಯೇಕವಾಗಿ ಗುರುತಿಸಿದರು. ಎಳೆಯ ವಯಸ್ಸಿನಲ್ಲೇ ಆವರಿಸುವ ಬುದ್ಧಿಕ್ಷಯ ಎಂಬುದು ಆ ಹೆಸರಿನ ತಾತ್ಪರ್ಯವಾದ್ದರಿಂದ, ಕಾಯಿಲೆಯ ಕೊನೆ ಹೇಗಿರುತ್ತದೆ ಎಂಬ ನಿರಾಶೆಯ ತೀರ್ಪು ಹೆಸರಿನೊಳಗೇ ಸೇರಿತ್ತು. ಸ್ವಿಟ್ಜರ್ಲೆಂಡಿನ ಯೂಜೆನ್ ಬ್ಲಾಯ್ಲರ್ ತಮ್ಮ ಆಸ್ಪತ್ರೆಯಲ್ಲಿ ಕಂಡದ್ದು ಬೇರೆಯಾಗಿತ್ತು: ಎಲ್ಲರಿಗೂ ಎಳೆಯ ವಯಸ್ಸಿನಲ್ಲೇ ಕಾಯಿಲೆ ಬರುತ್ತಿರಲಿಲ್ಲ, ಬಂದವರೆಲ್ಲರೂ ಬುದ್ಧಿಕ್ಷಯಕ್ಕೆ ತಲುಪುತ್ತಲೂ ಇರಲಿಲ್ಲ. 1908ರಲ್ಲಿ ಬರ್ಲಿನ್‌ನಲ್ಲಿ ಮಾಡಿದ ಉಪನ್ಯಾಸದಲ್ಲಿ ಅವರು ಗ್ರೀಕ್ ಮೂಲದ ಎರಡು ಧಾತುಗಳನ್ನು ಕೂಡಿಸಿ ‘ಸ್ಕಿಜೋಫ್ರೇನಿಯಾ’ ಎಂಬ ಪದವನ್ನು ಮುಂದಿಟ್ಟರು. ಮೊದಲನೆಯದು ಸೀಳುವುದನ್ನೂ ಎರಡನೆಯದು ಮನಸ್ಸನ್ನೂ ಸೂಚಿಸುತ್ತದೆ.

ಬ್ಲಾಯ್ಲರ್ ಹೇಳಬಯಸಿದ್ದ ಸೀಳು ಮನಸ್ಸಿನ ವ್ಯಾಪಾರಗಳ ನಡುವಿನದು. ಆಲೋಚನೆ, ಭಾವನೆ, ಇಚ್ಛೆ ಇವುಗಳನ್ನು ಒಂದಕ್ಕೊಂದು ಹೊಂದಿಸುವ ಕೊಂಡಿಗಳು ಸಡಿಲಗೊಳ್ಳುತ್ತವೆ ಎಂಬುದು ಅವರ ವಿವರಣೆ. ಒಬ್ಬ ಮನುಷ್ಯನೊಳಗೆ ಇಬ್ಬರು ವಾಸಿಸುತ್ತಾರೆ ಎಂದು ಅವರು ಎಲ್ಲಿಯೂ ಸೂಚಿಸಿರಲಿಲ್ಲ. ಆದರೂ ಪದ ಪಂಡಿತರ ವಲಯವನ್ನು ದಾಟಿ ಸಾಮಾನ್ಯ ಬಳಕೆಗೆ ಬಂದಾಗ, ಪಾಶ್ಚಾತ್ಯ ದೇಶಗಳಲ್ಲೂ ಅದಕ್ಕೆ ಅಂಟಿಕೊಂಡದ್ದು ಇಬ್ಬಗೆಯ ವ್ಯಕ್ತಿತ್ವದ ಕಲ್ಪನೆಯೇ. ಕನ್ನಡದಲ್ಲಿ ಬಳಕೆಗೆ ಬಂದ ‘ಇಚ್ಚಿತ್ತ ವಿಕಲತೆ’, ‘ಛಿದ್ರಮನಸ್ಕತೆ’ ಎಂಬ ಹೆಸರುಗಳಲ್ಲೂ ಆ ಸೀಳು ಹಾಗೆಯೇ ಉಳಿದಿದೆ ಎಂಬುದನ್ನು ಓದುಗರು ಗಮನಿಸಬಹುದು.

ಗ್ರೀಕ್ ಧಾತುಗಳಿಗೆ ಒಂದು ಅನುಕೂಲವಿತ್ತು. ಯುರೋಪಿನ ಸಾಮಾನ್ಯ ರೋಗಿಗೆ ಅವು ಅರ್ಥವಾಗುತ್ತಿರಲಿಲ್ಲ, ಆದ್ದರಿಂದ ಪದದ ಮೂಲಾರ್ಥಕ್ಕೂ ಅವನಿಗೂ ನಡುವೆ ಒಂದು ತೆರೆ ಇರುತ್ತಿತ್ತು. ಜಪಾನಿನಲ್ಲಿ ಆ ತೆರೆ ಇರಲಿಲ್ಲ. ಅಲ್ಲಿನ ವೈದ್ಯಕೀಯ ಪರಿಭಾಷೆ ಚೀನೀ ಮೂಲದ ಭಾವಲಿಪಿಯಲ್ಲಿ ರಚಿತವಾದದ್ದು. ಒಂದೊಂದು ಅಕ್ಷರಕ್ಕೂ ಸ್ವಂತ ಅರ್ಥವಿರುವುದರಿಂದ, ಶಾಲೆ ಕಲಿತ ಯಾರೇ ಆದರೂ ರೋಗದ ಹೆಸರನ್ನು ಕಂಡ ಕ್ಷಣವೇ ಅದರ ಅರ್ಥವನ್ನೂ ಕಾಣುತ್ತಾರೆ.

ಅಕ್ಷರಗಳೊಳಗೆ ಏನಿತ್ತು

ಹಳೆಯ ಹೆಸರಿನ ಮೊದಲ ಭಾಗವಾದ ‘ಸೇಶಿನ್’ ಎಂಬುದು ಕೇವಲ ಮನಸ್ಸಲ್ಲ. ಚೈತನ್ಯ, ಅಂತಃಸತ್ವ, ಮನುಷ್ಯನ ನೈತಿಕ ತಿರುಳು ಎಂಬ ಛಾಯೆಗಳೂ ಅದಕ್ಕಿವೆ. ಒಂದು ಸಂಸ್ಥೆಯ ಆದರ್ಶವನ್ನು, ಒಂದು ಕಾಲದ ಚೇತನವನ್ನು ಹೇಳಲೂ ಇದೇ ಪದ ಬಳಕೆಯಾಗುತ್ತದೆ. ‘ಬುನ್ರೆತ್ಸು’ ಎಂದರೆ ಒಡೆದು ಬೇರೆಯಾಗುವುದು. ಪರಮಾಣುವಿನ ವಿದಳನಕ್ಕೂ, ಜೀವಕೋಶ ಎರಡಾಗುವುದಕ್ಕೂ, ರಾಜಕೀಯ ಪಕ್ಷ ಹೋಳಾಗುವುದಕ್ಕೂ ಜಪಾನೀಯರು ಇದನ್ನೇ ಬಳಸುತ್ತಾರೆ. ಇವೆಲ್ಲವೂ ಸಾಮಾನ್ಯವಾಗಿ ಒಮ್ಮೆ ಆದರೆ ಹಿಂದಕ್ಕೆ ಹೋಗದ ಕ್ರಿಯೆಗಳು. ಕೊನೆಯ ‘ಬ್ಯೋ’ ಎಂದರೆ ರೋಗ. ಮೂರನ್ನೂ ಕೂಡಿಸಿ ಓದಿದರೆ, ಮನುಷ್ಯನ ಅಂತಃಸತ್ವವೇ ಒಡೆದುಹೋಗಿರುವ ರೋಗ ಎಂಬ ಚಿತ್ರ ಮೂಡುತ್ತದೆ. ಅಂಥವನೊಡನೆ ಮಾತನಾಡಿ ಪ್ರಯೋಜನವೇನು, ಅವನ ಮಾತನ್ನು ನಂಬುವುದು ಹೇಗೆ, ಅವನು ಯಾವಾಗ ಏನು ಮಾಡಿಯಾನು ಎಂಬ ಪ್ರಶ್ನೆಗಳನ್ನು ಆ ಹೆಸರು ತಾನಾಗಿಯೇ ಎಬ್ಬಿಸುತ್ತಿತ್ತು.

ಅಕ್ಷರಗಳ ರಚನೆಯನ್ನು ಇನ್ನಷ್ಟು ಹತ್ತಿರದಿಂದ ನೋಡಿದರೆ, ‘ಬುನ್’ ಎಂಬ ಅಕ್ಷರದ ಕೆಳಭಾಗದಲ್ಲಿ ಕತ್ತಿಯ ಗುರುತಿದೆ. ‘ರೆತ್ಸು’ ಎಂಬುದರ ಕೆಳಭಾಗದಲ್ಲಿ ಉಡುಪಿನ ಗುರುತಿದೆ. ಕತ್ತಿಯಿಂದ ಬೇರ್ಪಡಿಸಿದ್ದು, ಬಟ್ಟೆಯಂತೆ ಹರಿದದ್ದು. ಹೊಸ ಹೆಸರಿನ ಮೊದಲ ಅಕ್ಷರವಾದ ‘ತೋ’ ಎಂಬುದರ ಎಡಭಾಗದಲ್ಲಿರುವುದು ದಾರದ ಗುರುತು: ಚದುರಿದ ಎಳೆಗಳನ್ನು ಒಂದುಗೂಡಿಸುವ ಭಾವ. ಪತ್ರಿಕೆ ಓದುವ ಸಾಮಾನ್ಯ ಜಪಾನೀಯನು ಹೀಗೆ ಅಕ್ಷರಗಳನ್ನು ಬಿಡಿಸುತ್ತಾ ಕೂರುವುದಿಲ್ಲ, ನಾನಿದನ್ನು ಬದಲಾವಣೆಯ ಕಾರಣವೆಂದು ಮಂಡಿಸುತ್ತಲೂ ಇಲ್ಲ. ಆದರೆ ಹರಿದ ಬಟ್ಟೆಯಿಂದ ಕೂಡಿಸುವ ದಾರದ ಕಡೆಗೆ ಹೆಸರು ಸರಿದದ್ದು, ಎರಡೂ ಹೆಸರುಗಳ ಧ್ವನಿಯಲ್ಲಿರುವ ಅಂತರವನ್ನು ಯಾವ ವ್ಯಾಖ್ಯಾನಕ್ಕಿಂತಲೂ ಸ್ಪಷ್ಟವಾಗಿ ತೋರಿಸುತ್ತದೆ.

ಹೆಸರಿನ ಮೇಲೆ ಕೂತ ಚರಿತ್ರೆ

ಅಕ್ಷರಗಳ ಅರ್ಥ ಧ್ವನಿಯ ಒಂದು ಮೂಲ ಮಾತ್ರ. ಇನ್ನೊಂದು ಮೂಲ, ಆ ಹೆಸರು ಹೊತ್ತವರನ್ನು ಸಮಾಜ ನಡೆಸಿಕೊಂಡ ರೀತಿ. 1900ರಲ್ಲಿ ಜಾರಿಗೆ ಬಂದ ಕಾನೂನೊಂದು ಮಾನಸಿಕ ರೋಗಿಯನ್ನು ಮನೆಯೊಳಗೇ ಕೋಣೆ ಕಟ್ಟಿ ಕೂಡಿಹಾಕಲು ಕುಟುಂಬಕ್ಕೆ ಅನುಮತಿ ನೀಡಿತ್ತು. ಟೋಕಿಯೊದ ಮನೋವೈದ್ಯ ಕುರೆ ಶೂಜೊ ಮತ್ತು ಅವರ ಸಹೋದ್ಯೋಗಿಗಳು ಇಂತಹ ಕೋಣೆಗಳನ್ನು ಊರೂರು ಸುತ್ತಿ ಪರಿಶೀಲಿಸಿ, 1918ರಲ್ಲಿ ಆ ದಾರುಣ ಸ್ಥಿತಿಯನ್ನು ವರದಿ ಮಾಡಿದರು. ಆದರೂ ಈ ವ್ಯವಸ್ಥೆ ಕಾನೂನಿನಿಂದ ತೊಲಗಿದ್ದು 1950ರಲ್ಲಿ. 1964ರ ಮಾರ್ಚ್‌ನಲ್ಲಿ ಅಮೆರಿಕದ ರಾಯಭಾರಿ ಎಡ್ವಿನ್ ರೈಶಾವರ್ ಅವರನ್ನು ಈ ಕಾಯಿಲೆಯಿದ್ದ ಯುವಕನೊಬ್ಬ ಟೋಕಿಯೊದಲ್ಲಿ ಇರಿದಾಗ, ರೋಗಿಗಳನ್ನು ಹೊರಗೆ ಬಿಟ್ಟಿರುವುದೇ ತಪ್ಪು ಎಂಬ ಕೂಗು ಪತ್ರಿಕೆಗಳಲ್ಲಿ ಎದ್ದಿತು. ಮರುವರ್ಷ ಕಾನೂನಿಗೆ ತಿದ್ದುಪಡಿಯಾಯಿತು. ಮುಂದಿನ ದಶಕಗಳಲ್ಲಿ ಮನೋರೋಗಿಗಳ ಆಸ್ಪತ್ರೆ ಹಾಸಿಗೆಗಳ ಸಂಖ್ಯೆ ಮೂರು ಲಕ್ಷವನ್ನು ದಾಟಿತು, ಅನೇಕರು ವರ್ಷಗಟ್ಟಲೆ ಅಲ್ಲಿಯೇ ಉಳಿದರು.

ಹೀಗೆ ‘ಸೇಶಿನ್ ಬುನ್ರೆತ್ಸು ಬ್ಯೋ’ ಎಂಬ ಮಾತು ಕಿವಿಗೆ ಬಿದ್ದಾಗ ಕೇಳುಗನಿಗೆ ಬೀಗ ಹಾಕಿದ ಕೋಣೆ, ಹಿಂದಿರುಗದ ಆಸ್ಪತ್ರೆವಾಸ, ಇರಿತದ ಸುದ್ದಿ ಇವೆಲ್ಲವೂ ಒಟ್ಟಿಗೆ ಕೇಳಿಸುತ್ತಿದ್ದವು. ಒಂದು ಮನೆಯ ಮಗನಿಗೆ ಈ ಹೆಸರಿನ ಕಾಯಿಲೆ ಎಂದು ಹೊರಗೆ ಗೊತ್ತಾದರೆ ಅವನ ಒಡಹುಟ್ಟಿದವರ ಮದುವೆ, ಉದ್ಯೋಗಗಳ ಮೇಲೂ ಅದರ ನೆರಳು ಬೀಳುತ್ತದೆ ಎಂಬ ಭಯ ಕುಟುಂಬಗಳಿಗಿತ್ತು.

ವೈದ್ಯರ ಮೌನ

ಇಂತಹ ಹೆಸರನ್ನು ರೋಗಿಯ ಎದುರಿಗೆ ಹೇಳುವುದೆಂದರೆ ಶಿಕ್ಷೆ ವಿಧಿಸಿದಂತೆ ಎಂದು ಅನೇಕ ವೈದ್ಯರು ಭಾವಿಸಿದ್ದರು. ಅವರು ಕುಟುಂಬದವರಿಗೆ ಮಾತ್ರ ಹೇಳುತ್ತಿದ್ದರು, ಇಲ್ಲವೇ ರೋಗಿಗೆ ಬೇರೆ ಹೆಸರು ಹೇಳುತ್ತಿದ್ದರು. ‘ಶಿಂಕೇ ಸುಯಿಜಾಕು’, ಅಂದರೆ ನರಗಳ ದೌರ್ಬಲ್ಯ, ಎಂಬುದು ಹೀಗೆ ಬಳಕೆಯಲ್ಲಿದ್ದ ಮರೆಹೆಸರು. ಅದಕ್ಕೆ ಅತಿಯಾದ ದುಡಿಮೆ, ಓದಿನ ಒತ್ತಡ, ವಿಶ್ರಾಂತಿಯಿಂದ ಸರಿಹೋಗುವ ಬಳಲಿಕೆ ಎಂಬ ಗೌರವಯುತ ಧ್ವನಿಯಿತ್ತು. ಸ್ವಯಂಚಾಲಿತ ನರವ್ಯೂಹದ ಏರುಪೇರು ಎಂಬ ಅರ್ಥದ ‘ಜಿರಿತ್ಸು ಶಿಂಕೇ ಶಿಚ್ಚೋ ಶೋ’ ಎಂಬುದೂ ಇದೇ ಕೆಲಸಕ್ಕೆ ಒದಗುತ್ತಿತ್ತು.

ಈ ಮರೆಮಾಚುವಿಕೆಯ ಹಿಂದೆ ಕರುಣೆ ಇದ್ದದ್ದು ನಿಜ. ಅದರ ಬೆಲೆಯನ್ನು ತೆತ್ತವರು ಮಾತ್ರ ರೋಗಿಗಳು. ಭ್ರಮೆಗಳು ಔಷಧಿಯಿಂದ ತಗ್ಗಿ ಮನೆಗೆ ಮರಳಿದ ಯುವಕನೊಬ್ಬನ ಸ್ಥಿತಿಯನ್ನು ಗಮನಿಸಬೇಕು. ಅವನಿಗೆ ಗೊತ್ತಿರುವುದು ತನ್ನ ನರಗಳು ಬಳಲಿದ್ದವು ಎಂಬುದಷ್ಟೇ. ಬಳಲಿಕೆ ಹೋದ ಮೇಲೂ ತಿಂಗಳುಗಟ್ಟಲೆ ಮಾತ್ರೆ ನುಂಗಬೇಕಾದ ಕಾರಣ ಅವನಿಗೆ ಹೊಳೆಯುವುದಿಲ್ಲ. ಮಾತ್ರೆಯಿಂದ ನಿದ್ದೆ ಹೆಚ್ಚಿ, ಕೈ ನಡುಗಿ, ಮೈ ಬಿಗಿದಂತಾದಾಗ ಅವನು ಅದನ್ನು ನಿಲ್ಲಿಸುವುದು ಅವನ ತಿಳಿವಳಿಕೆಯ ಮಟ್ಟಿಗೆ ಸಹಜವಾದ ನಿರ್ಧಾರವೇ. ಔಷಧಿ ನಿಲ್ಲಿಸಿದವರಲ್ಲಿ ಕಾಯಿಲೆ ಮರುಕಳಿಸುವ ಸಾಧ್ಯತೆ ಹೆಚ್ಚು ಎಂಬುದನ್ನು ಅವನಿಗೆ ಯಾರೂ ಹೇಳಿರುವುದಿಲ್ಲ, ಏಕೆಂದರೆ ಯಾವ ಕಾಯಿಲೆ ಎಂಬ ಮೊದಲ ಮಾತನ್ನೇ ಹೇಳಿರುವುದಿಲ್ಲ. ಕಾಯಿಲೆ ಮರಳಿ ಬಂದು ಅವನು ಮತ್ತೆ ಆಸ್ಪತ್ರೆ ಸೇರಿದಾಗ, ಈ ರೋಗ ವಾಸಿಯಾಗುವುದಿಲ್ಲ ಎಂಬ ಹಳೆಯ ನಂಬಿಕೆಗೆ ಇನ್ನೊಂದು ಸಾಕ್ಷಿ ಸೇರುತ್ತದೆ. ಹೆಸರಿನ ಧ್ವನಿ ಮೌನವನ್ನು ಹುಟ್ಟಿಸುತ್ತಿತ್ತು, ಆ ಮೌನದ ಪರಿಣಾಮಗಳು ಹೆಸರಿನ ಧ್ವನಿಯನ್ನು ಇನ್ನಷ್ಟು ಗಾಢವಾಗಿಸುತ್ತಿದ್ದವು.

ಆ ಹೊತ್ತಿಗೆ ವೈದ್ಯವಿಜ್ಞಾನ ಹೆಸರಿಗಿಂತ ಬಹಳ ಮುಂದೆ ಸಾಗಿತ್ತು. ಬ್ಲಾಯ್ಲರ್ ಅವರ ಮಗ ಮಾನ್‌ಫ್ರೆಡ್ ಬ್ಲಾಯ್ಲರ್ 208 ರೋಗಿಗಳನ್ನು ಎರಡು ದಶಕಗಳಿಗೂ ಹೆಚ್ಚು ಕಾಲ ಗಮನಿಸಿ, ಕಾಯಿಲೆ ಎಲ್ಲರಲ್ಲೂ ಹದಗೆಡುತ್ತಲೇ ಹೋಗುವುದಿಲ್ಲ ಎಂದು 1972ರಲ್ಲಿ ತೋರಿಸಿದ್ದರು. 1987ರಲ್ಲಿ ಪ್ರಕಟವಾದ, ಅಮೆರಿಕದ ವರ್ಮಾಂಟ್ ರಾಜ್ಯದ ದೀರ್ಘಕಾಲೀನ ಅಧ್ಯಯನದಲ್ಲಿ ಅರ್ಧದಿಂದ ಮೂರನೇ ಎರಡರಷ್ಟು ಜನ ಗಣನೀಯವಾಗಿ ಸುಧಾರಿಸಿದ್ದು ಅಥವಾ ಚೇತರಿಸಿಕೊಂಡದ್ದು ಕಂಡುಬಂದಿತ್ತು. 1977ರಲ್ಲಿ ಜೋಸೆಫ್ ಜುಬಿನ್ ಮತ್ತು ಬೋನಿ ಸ್ಪ್ರಿಂಗ್ ಮಂಡಿಸಿದ ವಿವರಣೆಯ ಪ್ರಕಾರ, ಕೆಲವರಲ್ಲಿ ಕಾಯಿಲೆಗೆ ಈಡಾಗುವ ದುರ್ಬಲತೆ ಇರುತ್ತದೆ, ಒತ್ತಡ ಮಿತಿಮೀರಿದಾಗ ಅದು ಲಕ್ಷಣಗಳಾಗಿ ಹೊರಬರುತ್ತದೆ. ಔಷಧಿಯಿಂದಲೂ ಒತ್ತಡದ ನಿರ್ವಹಣೆಯಿಂದಲೂ ಅದನ್ನು ತಗ್ಗಿಸಬಹುದು. ‘ಅಂತಃಸತ್ವ ಒಡೆದ ರೋಗ’ ಎಂಬ ಹೆಸರಿಟ್ಟುಕೊಂಡು ಈ ವಿವರಣೆಯನ್ನು ರೋಗಿಗೆ ನೀಡಲು ಹೊರಟರೆ, ವಿವರಣೆಯ ಪ್ರತಿಯೊಂದು ವಾಕ್ಯವೂ ಹೆಸರಿನೊಡನೆ ಜಗಳವಾಡಬೇಕಾಗುತ್ತಿತ್ತು.

ಬದಲಾವಣೆಯ ದಾರಿ

ಹೆಸರು ಬದಲಾಯಿಸಿ ಎಂದು ಮೊದಲು ಕೇಳಿದವರು ವೈದ್ಯರಲ್ಲ, ಮಾನಸಿಕ ರೋಗಿಗಳ ಕುಟುಂಬಗಳ ರಾಷ್ಟ್ರೀಯ ಒಕ್ಕೂಟವಾದ ಜೆಂಕಾರೆನ್. 1993ರಲ್ಲಿ ಅದು ಮನೋವೈದ್ಯ ಸಂಘಕ್ಕೆ ಮನವಿ ಸಲ್ಲಿಸಿತು. ಮನವಿಯಿಂದ ನಿರ್ಣಯಕ್ಕೆ ಒಂಬತ್ತು ವರ್ಷ ಹಿಡಿಯಿತು. ಈ ಅವಧಿಯನ್ನು ವಿಳಂಬವೆಂದು ಟೀಕಿಸುವುದು ಸುಲಭವಾದರೂ, ಸಮಿತಿಗಳ ಚರ್ಚೆ, ಸಾರ್ವಜನಿಕರ ಅಭಿಪ್ರಾಯ ಸಂಗ್ರಹ, ರೋಗಿಗಳ ಮತ್ತು ಕುಟುಂಬಗಳ ಸಮಾಲೋಚನೆ ಎಲ್ಲವನ್ನೂ ದಾಟಿ ಬಂದದ್ದರಿಂದಲೇ ಹೊಸ ಹೆಸರಿಗೆ ಬಳಕೆಯ ಬಲ ಸಿಕ್ಕಿತು ಎಂದು ನನಗನಿಸುತ್ತದೆ.

ಕೊನೆಯ ಹಂತದಲ್ಲಿ ಮೂರು ಹೆಸರುಗಳು ಉಳಿದವು. ಮೂಲಪದವನ್ನೇ ಧ್ವನಿಲಿಪಿಯಲ್ಲಿ ಬರೆದ ‘ಸುಕಿಜೋಫುರೇನಿಯಾ’ ಮೊದಲನೆಯದು. ಕ್ರೆಪೆಲಿನ್ ಮತ್ತು ಬ್ಲಾಯ್ಲರ್ ಅವರ ಹೆಸರುಗಳನ್ನು ಜೋಡಿಸಿದ್ದು ಎರಡನೆಯದು. ‘ತೋಗೋ ಶಿಚ್ಚೋ ಶೋ’ ಮೂರನೆಯದು. ಮೊದಲ ಎರಡರಲ್ಲಿ ಜಪಾನೀ ಓದುಗನಿಗೆ ಅರ್ಥದ ಸುಳಿವೇ ಇರಲಿಲ್ಲ. ಅರ್ಥವಿಲ್ಲದ ಹೆಸರು ನೋಯಿಸುವುದಿಲ್ಲ ನಿಜ, ಆದರೆ ಅದು ಏನನ್ನೂ ತಿಳಿಸುವುದೂ ಇಲ್ಲ.

ಮೂರನೆಯ ಹೆಸರಿನಲ್ಲಿ ‘ತೋಗೋ’ ಎಂದರೆ ಸಮನ್ವಯ, ‘ಶಿಚ್ಚೋ’ ಎಂದರೆ ಹದ ತಪ್ಪುವುದು. ಪೋಷಣೆಯ ಕೊರತೆಯನ್ನು ಹೇಳುವ ‘ಎಯ್ಯೋ ಶಿಚ್ಚೋ’ ಎಂಬ ನಿತ್ಯಬಳಕೆಯ ಮಾತಿನಲ್ಲೂ ಈ ಪದವಿದೆ, ವೈದ್ಯರು ಮರೆಹೆಸರಾಗಿ ಬಳಸುತ್ತಿದ್ದ ನರವ್ಯೂಹದ ಏರುಪೇರಿನ ಹೆಸರಿನಲ್ಲೂ ಇದೆ. ಪೋಷಣೆ ಕಡಿಮೆಯಾದರೆ ಮತ್ತೆ ಒದಗಿಸಬಹುದು, ಹದ ತಪ್ಪಿದ್ದನ್ನು ಮತ್ತೆ ಹದಕ್ಕೆ ತರಬಹುದು. ಹೀಗೆ ಚೇತರಿಕೆಯ ಸಾಧ್ಯತೆ ಹೆಸರಿನೊಳಗೇ ಸೇರಿಕೊಂಡಿತು. ‘ಬ್ಯೋ’ ಹೋಗಿ ‘ಶೋ’ ಬಂದದ್ದೂ ಸಣ್ಣ ವಿಷಯವಲ್ಲ. ಹಿಂದಿನದು ಒಂದೇ ಕಾರಣದ, ಒಂದೇ ಗತಿಯ ರೋಗವನ್ನು ಸೂಚಿಸಿದರೆ, ಈಗಿನದು ಲಕ್ಷಣಗಳ ಸಮೂಹವೊಂದನ್ನು ಸೂಚಿಸುತ್ತದೆ.

ಇದು ಕಹಿಯ ಮೇಲೆ ಸಕ್ಕರೆ ಸವರುವ ಕೆಲಸ ಎಂಬ ಆಕ್ಷೇಪಕ್ಕೆ ಉತ್ತರವೂ ಇಲ್ಲಿಯೇ ಸಿಗುತ್ತದೆ. ಮನಸ್ಸಿನ ವ್ಯಾಪಾರಗಳ ನಡುವಿನ ಹೊಂದಾಣಿಕೆ ಸಡಿಲಗೊಳ್ಳುತ್ತದೆ ಎಂಬ ಬ್ಲಾಯ್ಲರ್ ಅವರ ಮೂಲ ಆಶಯಕ್ಕೆ, ಅವರ ಪದವನ್ನು ಅಕ್ಷರಶಃ ಅನುವಾದಿಸಿದ ಹಳೆಯ ಹೆಸರಿಗಿಂತ ಹೊಸ ಹೆಸರೇ ಹತ್ತಿರವಾಗಿದೆ. ನರಗಳ ದೌರ್ಬಲ್ಯ ಎಂಬುದು ಸತ್ಯವನ್ನು ಮುಚ್ಚಿ ಮೃದುವಾಗಿತ್ತು. ಸಮನ್ವಯದ ಹದ ತಪ್ಪುವಿಕೆ ಎಂಬುದು ಸತ್ಯವನ್ನು ಹೇಳಿಯೇ ಮೃದುವಾಗಿದೆ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಪರಿಣಾಮ ಮತ್ತು ಅದರ ಮಿತಿ

ಬದಲಾವಣೆಯಾದ ಏಳು ತಿಂಗಳ ನಂತರ ಎಲ್ಲ ಪ್ರಾಂತಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಸುಮಾರು ಶೇ 78ರಷ್ಟು ಪ್ರಕರಣಗಳಲ್ಲಿ ಹೊಸ ಹೆಸರೇ ಬಳಕೆಯಾಗುತ್ತಿತ್ತು. ಆರೂವರೆ ದಶಕಗಳ ಬಳಕೆಯ ಪದವೊಂದು ಇಷ್ಟು ಬೇಗ ಹಿಂದೆ ಸರಿದದ್ದು, ಅದನ್ನು ಬಳಸುತ್ತಿದ್ದವರಿಗೇ ಅದು ಎಷ್ಟು ಭಾರವಾಗಿತ್ತು ಎಂಬುದನ್ನು ಹೇಳುತ್ತದೆ. ಮಿಯಾಗಿ ಪ್ರಾಂತದ ಮನೋವೈದ್ಯರಲ್ಲಿ ಶೇ 86ರಷ್ಟು ಜನ, ರೋಗಿಗೆ ಕಾಯಿಲೆಯನ್ನು ತಿಳಿಸಲೂ ಅದರ ಇಂದಿನ ಪರಿಕಲ್ಪನೆಯನ್ನು ವಿವರಿಸಲೂ ಹೊಸ ಹೆಸರೇ ಹೆಚ್ಚು ತಕ್ಕುದು ಎಂದರು. ದುರ್ಬಲತೆ ಮತ್ತು ಒತ್ತಡದ ವಿವರಣೆಯನ್ನು ಆಧರಿಸಿದ ಚಿಕಿತ್ಸಾ ಮಾರ್ಗಸೂಚಿ 2004ರಲ್ಲಿ ಹೊಸ ಹೆಸರಿನಲ್ಲೇ ಸಿದ್ಧವಾಯಿತು. ವೈದ್ಯರಲ್ಲದವರ ಮನಸ್ಸಿನಲ್ಲಿ ಏನಾಯಿತು ಎಂಬುದಕ್ಕೆ 2009ರಲ್ಲಿ ಪ್ರಕಟವಾದ ಒಂದು ಪ್ರಯೋಗ ಸುಳಿವು ಕೊಡುತ್ತದೆ. ಪದಗಳನ್ನು ಮಿಂಚಿನ ವೇಗದಲ್ಲಿ ವರ್ಗೀಕರಿಸುವಾಗ ಮನಸ್ಸು ತನಗರಿವಿಲ್ಲದೆ ಯಾವುದನ್ನು ಯಾವುದರೊಡನೆ ಜೋಡಿಸುತ್ತದೆ ಎಂದು ಅಳೆಯುವ ಆ ಪರೀಕ್ಷೆಯಲ್ಲಿ, ಜಪಾನೀ ಯುವಜನರು ಹಳೆಯ ಹೆಸರನ್ನು ‘ಅಪರಾಧಿ’ ಎಂಬ ಕಲ್ಪನೆಯೊಡನೆ ಜೋಡಿಸಿದಷ್ಟು ಬಲವಾಗಿ ಹೊಸ ಹೆಸರನ್ನು ಜೋಡಿಸಲಿಲ್ಲ.

ಈ ಎಲ್ಲ ಶ್ರೇಯಸ್ಸನ್ನೂ ಒಂದು ಪದಕ್ಕೆ ಕಟ್ಟಿಬಿಡುವುದು ಸರಿಯಲ್ಲ. ಅದೇ ವರ್ಷಗಳಲ್ಲಿ ಹೊಸ ತಲೆಮಾರಿನ ಔಷಧಿಗಳು ಬಂದವು, ರೋಗಿಗೆ ವಿವರಿಸಿ ಒಪ್ಪಿಗೆ ಪಡೆಯಬೇಕೆಂಬ ನಿಲುವು ಜಪಾನಿನ ವೈದ್ಯಕೀಯದಲ್ಲೆಲ್ಲ ಬಲಗೊಳ್ಳುತ್ತಿತ್ತು. ಇವುಗಳ ಪಾಲನ್ನು ಹೆಸರಿನ ಪಾಲಿನಿಂದ ಬಿಡಿಸಿ ತೋರಿಸುವ ಅಳತೆಗೋಲು ಇಲ್ಲ. ಆದರೆ ಹೇಳುವ ಮನಸ್ಸಿರುವ ವೈದ್ಯನ ಬಳಿ ಹೇಳಲು ಯೋಗ್ಯವಾದ ಪದವೂ ಇರಬೇಕಾಗುತ್ತದೆ, ಆ ಪದ 2002ಕ್ಕೆ ಮೊದಲು ಅವನ ಬಳಿ ಇರಲಿಲ್ಲ.

ಇನ್ನೊಂದು ಮಿತಿ ಹೆಚ್ಚು ಗಂಭೀರವಾದದ್ದು. ಧ್ವನಿಗೆ ಎರಡು ಮೂಲಗಳಿವೆ ಎಂದು ಮೇಲೆ ಹೇಳಿದೆ. ಹೆಸರಿನ ಬದಲಾವಣೆ ಅಕ್ಷರಗಳ ಅರ್ಥವನ್ನು ಪೂರ್ತಿಯಾಗಿ ಬದಲಿಸಬಲ್ಲದು, ಸಮಾಜದ ನಡವಳಿಕೆಯಿಂದ ಬರುವ ಧ್ವನಿಯನ್ನು ಕೆಲಕಾಲ ದೂರವಿಡಬಲ್ಲದು, ಅಷ್ಟೇ. ಜಪಾನಿನ ದಾರಿಯನ್ನೇ ಹಿಡಿದ ದಕ್ಷಿಣ ಕೊರಿಯಾ ಇದಕ್ಕೆ ಉದಾಹರಣೆ. ಅಲ್ಲಿಯೂ ಹಳೆಯ ಹೆಸರು ಅದೇ ಅಕ್ಷರಗಳಿಂದ ಬಂದ ‘ಜೊಂಗ್‌ಶಿನ್ ಬುನ್ಯೊಲ್ ಬ್ಯೊಂಗ್’. 2011ರ ಸುಮಾರಿಗೆ ಅದರ ಬದಲು ‘ಜೋಹ್ಯೊನ್ ಬ್ಯೊಂಗ್’ ಬಂತು. ತಂತಿವಾದ್ಯದ ತಂತಿಯನ್ನು ಶ್ರುತಿಗೊಳಿಸುವ ಭಾವವನ್ನು ಹೊತ್ತ, ನಿಜಕ್ಕೂ ಸುಂದರವಾದ ಹೆಸರು. ಆದರೆ 2016ರ ಮೇ ತಿಂಗಳಲ್ಲಿ ಸೋಲ್ ನಗರದ ಗಂಗ್ನಮ್ ನಿಲ್ದಾಣದ ಬಳಿ ಯುವತಿಯೊಬ್ಬಳ ಕೊಲೆಯಾಗಿ, ಆರೋಪಿಗೆ ಈ ಕಾಯಿಲೆ ಇದೆಯೆಂಬುದು ಸುದ್ದಿಯಾದಾಗ, ಬಹಳಷ್ಟು ಜನ ಆ ಸುಂದರ ಹೆಸರನ್ನು ಗಮನಿಸಿದ್ದೇ ಕೊಲೆಯ ಸುದ್ದಿಯೊಳಗೆ. ಜಪಾನಿನ ಹಳೆಯ ಹೆಸರಿಗೆ 1964ರಲ್ಲಿ ಆದದ್ದು ಕೊರಿಯಾದ ಹೊಸ ಹೆಸರಿಗೆ ಅದರ ಮೊದಲ ಐದಾರು ವರ್ಷಗಳಲ್ಲೇ ಆಯಿತು.

ಜಪಾನಿನ ಅಂಕಿಗಳಲ್ಲೂ ಈ ಮಿತಿ ಕಾಣುತ್ತದೆ. ತಿಳಿಸಲ್ಪಟ್ಟವರ ಪ್ರಮಾಣ ಶೇ 69.7ಕ್ಕೆ ಏರಿತು ಎಂದರೆ, ಹೇಳಲು ಯೋಗ್ಯವಾದ ಪದ ಕೈಗೆ ಸಿಕ್ಕ ಮೇಲೂ ಹತ್ತರಲ್ಲಿ ಮೂವರಿಗೆ ತಮ್ಮ ಕಾಯಿಲೆಯ ಹೆಸರು ತಿಳಿದಿರಲಿಲ್ಲ. ಅವರ ವಿಷಯದಲ್ಲಿ ಮೌನದ ಕಾರಣವನ್ನು ಪದದಲ್ಲಿ ಹುಡುಕಿ ಪ್ರಯೋಜನವಿಲ್ಲ. ಆಸ್ಪತ್ರೆಯ ಕೊಠಡಿಯಲ್ಲಿ ವೈದ್ಯನಿಗೆ ಸಿಗುವ ಸಮಯ, ಕುಟುಂಬದವರ ಒತ್ತಾಯ, ಹೇಳಿದ ಮೇಲೆ ರೋಗಿಯ ಜೊತೆ ನಿಲ್ಲುವ ವ್ಯವಸ್ಥೆ ಇದೆಯೇ ಇಲ್ಲವೇ ಎಂಬುದನ್ನು ನೋಡಬೇಕಾಗುತ್ತದೆ.